ಮುಲುಂಡಿನ ಮ್ಯಾಂಟಿಸ್ ಸಿಗಡಿ: ಒಂದು ಟ್ಯಾಂಕಿನ ಪ್ರಕರಣ

ಉಪ್ಪುನೀರಿನ ಟ್ಯಾಂಕಿನಲ್ಲಿ ಬಸವನಹುಳು, ಏಡಿ, ಸಿಗಡಿ ಒಂದೊಂದಾಗಿ ಸಾಯುತ್ತಿವೆ. ಮೀನುಗಳು ಮಾತ್ರ ಆರಾಮಾಗಿವೆ. ಇಂಥ ಹೊತ್ತಿನಲ್ಲಿ ಕಲ್ಲಿನ ಸಂದಿಯೊಳಗೆ ಒಂದು ಮ್ಯಾಂಟಿಸ್ ಸಿಗಡಿ, ಅಂದರೆ ಮುಂಗೈಯಿಂದ ಬೇಟೆಯನ್ನು ಗುದ್ದಿಯೋ ಚುಚ್ಚಿಯೋ ಕೊಲ್ಲುವ ಸಿಗಡಿಯಂಥ ಜೀವಿ, ಸಿಕ್ಕಿಬಿಟ್ಟರೆ ಮುಗೀತು. ಎಲ್ಲ ಸಾವಿನ ಲೆಕ್ಕವೂ ಅದರ ತಲೆಗೇ ಬೀಳುತ್ತದೆ. ಅದಕ್ಕೆ ಇರುವ ಹೆಸರೇ ಹಾಗಿದೆ. ಮುಂಬಯಿಯ ಮುಲುಂಡಿನ ಈ ಮನೆಯಲ್ಲೂ ಆಗಿದ್ದು ಅದೇ. ಅರ್ಧ ಸಾವುಗಳಿಗೆ ಅದು ಕಾರಣ ಹೌದು. ಉಳಿದರ್ಧಕ್ಕೆ ಕಾರಣ ಅಡುಗೆಮನೆಯ ಗೋಡೆಯ ಮೇಲಿತ್ತು.

ಮನೆಯವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ. ಗಂಡ ಶಿವಮೊಗ್ಗ ಕಡೆಯವರು, ಹೆಂಡತಿ ಮಲ್ಪೆಯವರು. ಎಂಟನೇ ಕ್ಲಾಸಿನ ಮಗಳು. ಹೆಂಡತಿಯ ತಂದೆ ಬೋಟಿನ ಕೆಲಸ ಬಿಟ್ಟ ಮೇಲೆ ಇವರ ಜೊತೆಗೇ ಇದ್ದಾರೆ. ನನಗೆ ಅಂಗಡಿ ಇಲ್ಲ. ಮುಂಬಯಿಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟ ಕನ್ನಡದವರು ಯಾರಾದರೂ ಕರೆದರೆ ಹೋಗಿ ನೋಡಿ, ತಿಳಿದಷ್ಟು ಹೇಳಿ ಬರುತ್ತೇನೆ.

ಟ್ಯಾಂಕ್ ಸೆಕೆಂಡ್ ಹ್ಯಾಂಡ್. ನವಿ ಮುಂಬಯಿಯಲ್ಲಿ ಒಬ್ಬರು ಊರು ಬಿಟ್ಟು ಹೊರಟಿದ್ದರು. ನವೆಂಬರಿನಲ್ಲಿ ಅವರಿಂದ ಕಲ್ಲು, ಮರಳು, ಪಂಪು, ಎರಡು ಕ್ಲೌನ್ ಮೀನು, ಎಲ್ಲ ಸೇರಿಸಿ ತಂದರು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 180 ಲೀಟರ್ ನೀರು ಹಿಡಿಯುತ್ತದೆ. ಆಮೇಲೆ ಕ್ರಾಫರ್ಡ್ ಮಾರ್ಕೆಟ್‌ನಿಂದ ಬಸವನಹುಳುಗಳು, ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ಹರ್ಮಿಟ್ ಏಡಿಗಳು, ಎರಡು ಕ್ಲೀನರ್ ಸಿಗಡಿ ಬಂದವು.

ಇಲ್ಲಿ ಕಲ್ಲಿನ ಬಗ್ಗೆ ಒಂದು ಮಾತು. ಹಳೆಯ ಲೈವ್ ರಾಕ್, ಅಂದರೆ ಜೀವಿಗಳು ಸೇರಿಕೊಂಡಿರುವ ಟ್ಯಾಂಕಿನ ಕಲ್ಲು, ಬಹಳ ಸಲ ಸತ್ತ ಹವಳದ ತುಂಡೇ. ನಮ್ಮಲ್ಲಿ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಸತ್ತ ಹವಳವಾದರೂ ಕಾಯ್ದೆ ಬಿಡುವುದಿಲ್ಲ. ದಡದಿಂದ ಆರಿಸಿ ತಂದೆ, ಯಾರೋ ಕೊಟ್ಟರು ಅನ್ನೋದೆಲ್ಲ ಅಲ್ಲಿ ನಡೆಯಲ್ಲ. ಹೊಸದಾಗಿ ಶುರು ಮಾಡುವವರು ಸಿರಾಮಿಕ್ ಅಥವಾ ಸಿಮೆಂಟಿನ ಒಣ ಕಲ್ಲು ತಗೊಳ್ಳಿ. ನೀರಿನ ಕೊಳೆ ಕಳೆಯುವ ಬ್ಯಾಕ್ಟೀರಿಯಾ ಕೂರಲು ಒಂದೆರಡು ತಿಂಗಳು ಜಾಸ್ತಿ ಹಿಡಿಯಬಹುದು, ಅಷ್ಟೇ. ಒಣ ಕಲ್ಲಿನೊಳಗೆ ಕೂತು ಯಾರೂ ಮನೆಗೆ ಬರುವುದಿಲ್ಲ ಅನ್ನುವುದು ಇನ್ನೊಂದು ಲಾಭ.

ಈ ಮನೆಗೆ ಮಾತ್ರ ಒಬ್ಬರು ಬಂದಿದ್ದರು.

ಟಕ್ ಟಕ್

ಡಿಸೆಂಬರಿನಲ್ಲಿ ಮೊದಲು ಸದ್ದು ಕೇಳಿದ್ದು ಅಜ್ಜನಿಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಟೀವಿ ಇನ್ನೂ ಹಾಕಿರುವುದಿಲ್ಲ. ಆಗ ಟ್ಯಾಂಕಿನ ಕಡೆಯಿಂದ ಟಕ್ ಅಂತ ಒಂದು ಸದ್ದು. ಸ್ವಲ್ಪ ಬಿಟ್ಟು ಮತ್ತೊಂದು. ಗಾಜು ಬಿರುಕು ಬಿಡ್ತಿದೆಯಾ ಅಂತ ಅಳಿಯನನ್ನು ಕರೆದರು. ಗಾಜು ಸರಿಯಾಗೇ ಇತ್ತು. ಯಜಮಾನರು ಎಲ್ಲೋ ಓದಿಕೊಂಡು, ಇದು ಪಿಸ್ತೂಲ್ ಸಿಗಡಿ, ಇದ್ದರೆ ಇರಲಿ ಬಿಡಿ ಮಾವ ಅಂದರು.

ಪಿಸ್ತೂಲ್ ಸಿಗಡಿಗೂ ಇಂಥದೇ ಸದ್ದಿದೆ. ಅದರ ಒಂದು ಇಕ್ಕಳ ದೊಡ್ಡದು. ಅದನ್ನು ಫಟ್ಟನೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ, ಸದ್ದು ಆ ಗುಳ್ಳೆಯದು. ಆದರೆ ಅದು ಬಸವನಹುಳುವಿನ ಗಟ್ಟಿ ಚಿಪ್ಪು ಒಡೆದು ತಿನ್ನುವ ಪೈಕಿ ಅಲ್ಲ. ಈ ಟ್ಯಾಂಕಿನಲ್ಲಿ ಜನವರಿ ಹೊತ್ತಿಗೆ ಬಸವನಹುಳುಗಳು ಕಡಿಮೆಯಾಗುತ್ತಾ ಬಂದಿದ್ದವು. ಮರಳಿನ ಮೇಲೆ ಚಿಪ್ಪಿನ ಚೂರುಗಳು ಬಿದ್ದಿದ್ದವು. ಒಂದು ಹರ್ಮಿಟ್ ಏಡಿಯ ಚಿಪ್ಪಿನ ಬಾಯಿ ಇಲಿ ಕಡಿದ ಹಾಗೆ ಸುತ್ತಲೂ ಮುಕ್ಕಾಗಿತ್ತು. ಹೆಂಡತಿ ಈ ಚಿಪ್ಪುಗಳನ್ನೆಲ್ಲ ತೊಳೆದು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟರು. ಅಂಗಡಿಯವನಿಗೆ ತೋರಿಸಿ ಜಗಳ ಆಡೋಣ ಅಂತ ಅವರ ಲೆಕ್ಕ. ಜಗಳ ಆಗಲಿಲ್ಲ. ಆದರೆ ಇಡೀ ಪ್ರಕರಣಕ್ಕೆ ಆ ಡಬ್ಬಿಯಷ್ಟು ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ.

ಗುಟ್ಟು ಹಿಡಿದಿದ್ದು ಮಗಳು. ಬಲಗಡೆಯ ದೊಡ್ಡ ಕಲ್ಲಿನಲ್ಲಿ ಬೆರಳು ಹೋಗುವಷ್ಟು ಒಂದು ತೂತು. ಹಗಲು ಅದು ತೆರೆದಿರುತ್ತದೆ. ರಾತ್ರಿ ಊಟ ಮುಗಿಸಿ ನೋಡಿದರೆ ತೂತೇ ಇಲ್ಲ, ಚೂರು ಕಲ್ಲು ಪೇರಿಸಿ ಮುಚ್ಚಿದೆ. ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಮತ್ತೆ ತೆರೆದಿದೆ. "ಅಪ್ಪಾ, ಅಲ್ಲಿ ಯಾರೋ ಬಾಗಿಲು ಹಾಕ್ಕೊಂಡು ಮಲಗ್ತಾರೆ" ಅಂದಳು. ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವಳು ಫೋನ್ ಹಿಡಿದು ಕೂತು ವಿಡಿಯೋ ಮಾಡಿಯೇಬಿಟ್ಟಳು. ಹಸಿರು ಮೈ, ಕಡ್ಡಿಯ ತುದಿಯಲ್ಲಿ ಇಟ್ಟ ಹಾಗೆ ಎರಡು ಕಣ್ಣು. ಒಂದು ಕಣ್ಣು ಮೇಲೆ ನೋಡುತ್ತಿದ್ದರೆ ಇನ್ನೊಂದು ಪಕ್ಕಕ್ಕೆ ತಿರುಗುತ್ತಿದೆ. ಎದುರಿಗೆ ಹರ್ಮಿಟ್ ಏಡಿ ಬಂದ ಕೂಡಲೇ ಮುಂದಿನ ಕಾಲುಗಳನ್ನು ಅಗಲಿಸಿತು. ಒಳಭಾಗದಲ್ಲಿ ನೇರಳೆ ಚುಕ್ಕೆ ಕಂಡಿತು.

ಆ ಚುಕ್ಕೆಯಿಂದಲೇ ಇದು ಗೊನೊಡ್ಯಾಕ್ಟೈಲಸ್ ಸ್ಮಿತಿಯೈ ಅನ್ನುವ ಜಾತಿ ಅಂತ ನಾನು ಆಮೇಲೆ ಅಂದಾಜು ಮಾಡಿದ್ದು. ಈ ಗುಂಪಿನಲ್ಲಿ ಚುಕ್ಕೆಯ ಬಣ್ಣ ಜಾತಿಯಿಂದ ಜಾತಿಗೆ ಬೇರೆ. ಕಾಲು ಅಗಲಿಸಿ ಚುಕ್ಕೆ ತೋರಿಸುವುದು ಎದುರಿಗೆ ಬಂದವರಿಗೆ ಕೊಡುವ ಎಚ್ಚರಿಕೆ. ಹಗಲು ಓಡಾಡಿ ರಾತ್ರಿ ಬಾಗಿಲು ಮುಚ್ಚುವುದೂ ಇವುಗಳದೇ ಚಾಳಿ.

ಅಜ್ಜ ವಿಡಿಯೋ ನೋಡಿ ನಕ್ಕರಂತೆ. "ಇದು ಬಲೆಗೆ ಬುಟ್ಟಿಗಟ್ಟಲೆ ಬರ್ತದೆ ಮಾರಾಯ್ತಿ. ನಾವು ಇದನ್ನು ಗೊಬ್ಬರಕ್ಕೆ ಹಾಕ್ತಿದ್ದದ್ದು. ಕೈ ಹಾಕಬೇಡ, ಬೆರಳು ಸೀಳ್ತದೆ." ಅವರು ಹೇಳಿದ್ದು ಸುಳ್ಳಲ್ಲ. ಪಡುವಣ ಕರಾವಳಿಯ ಟ್ರಾಲ್ ಬಲೆಗೆ ಮ್ಯಾಂಟಿಸ್ ಸಿಗಡಿ ರಾಶಿ ರಾಶಿ ಬೀಳುತ್ತದೆ. ಮೀನಿನ ಪುಡಿಗೆ, ಗೊಬ್ಬರಕ್ಕೆ ಹೋಗುತ್ತದೆ. ಆದರೆ ಅದು ಕೆಸರಿನಲ್ಲಿ ಬಿಲ ತೋಡಿಕೊಂಡಿರುವ, ಮುಳ್ಳಿನ ಕೈಯಿಂದ ಚುಚ್ಚಿ ಹಿಡಿಯುವ ಜಾತಿ. ಟ್ಯಾಂಕಿನಲ್ಲಿದ್ದದ್ದು ಹವಳದ ಕಲ್ಲಿನ ಸಂದಿಯಲ್ಲಿ ಬದುಕುವ, ಗುದ್ದಿ ಒಡೆಯುವ ಜಾತಿ. ಲೋಕದಲ್ಲಿ ಒಟ್ಟು 450ರಷ್ಟು ಜಾತಿಗಳಿವೆ. ಸಾಕುವವನಿಗೆ ಮೊದಲು ಬೇಕಾಗಿದ್ದು ಚುಚ್ಚುವುದೋ ಗುದ್ದುವುದೋ ಅನ್ನುವ ಒಂದೇ ಪ್ರಶ್ನೆಗೆ ಉತ್ತರ. ಚುಚ್ಚುವುದಕ್ಕೆ ಮೀನು ಬೇಕು, ಆಳವಾದ ಮರಳು ಬೇಕು. ಗುದ್ದುವುದಕ್ಕೆ ಚಿಪ್ಪು ಬೇಕು, ಕಲ್ಲಿನ ಗೂಡು ಬೇಕು.

ಗಾಜಿನ ಭಯ, ಬಕೆಟ್ಟಿನ ಸಂಜೆ

ಮನೆಯಲ್ಲಿ ದೊಡ್ಡ ಭಯ ಗಾಜಿನದು. ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಸೀ ಲೈಫ್ ಸೆಂಟರ್‌ನಲ್ಲಿ 1998ರಲ್ಲಿ ಟೈಸನ್ ಅನ್ನುವ ಮ್ಯಾಂಟಿಸ್ ಸಿಗಡಿ ಟ್ಯಾಂಕಿನ ಗಾಜು ಒಡೆದದ್ದು ಸುದ್ದಿಯಾಗಿತ್ತು. ಇದರ ಬಗ್ಗೆ ಹುಡುಕಿದವರಿಗೆಲ್ಲ ಮೊದಲು ಸಿಗುವುದು ಆ ಕಥೆಯೇ. ಗುದ್ದಿಗೆ ಹೆಸರಾದದ್ದು ನವಿಲು ಬಣ್ಣದ ದೊಡ್ಡ ಜಾತಿ. ಆ ಜಾತಿ 18 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಅದರ ಗುದ್ದಿನ ವೇಗವನ್ನು ಬರ್ಕ್ಲಿ ವಿಶ್ವವಿದ್ಯಾಲಯದ ಶೀಲಾ ಪಾಟೆಕ್, ರಾಯ್ ಕಾಲ್ಡ್‌ವೆಲ್ ಮತ್ತು ಜೊತೆಯವರು 2004ರಲ್ಲಿ ಅಳೆದರು. ಸೆಕೆಂಡಿಗೆ 23 ಮೀಟರ್‌ವರೆಗೆ. ಗಂಟೆಗೆ 80 ಕಿಲೋಮೀಟರ್ ದಾಟಿತು, ಅದೂ ನೀರಿನೊಳಗೆ. ತೋಳಿನಲ್ಲಿ ಕುದುರೆ ಜೀನಿನ ಆಕಾರದ ಒಂದು ಸ್ಪ್ರಿಂಗ್ ಇದೆ. ಸ್ನಾಯು ಅದನ್ನು ನಿಧಾನಕ್ಕೆ ಒತ್ತಿ ಹಿಡಿದಿರುತ್ತದೆ, ಚಿಲಕ ಬಿಟ್ಟ ಕೂಡಲೇ ಕೈ ಹಾರುತ್ತದೆ. ಆ ವೇಗಕ್ಕೆ ನೀರಿನಲ್ಲಿ ಗುಳ್ಳೆ ಹುಟ್ಟಿ, ಅದೂ ಒಡೆದು ಇನ್ನೊಂದು ಪೆಟ್ಟು ಕೊಡುತ್ತದೆ. ಬಸವನಹುಳುವಿಗೆ ಒಂದು ಗುದ್ದಿನಲ್ಲಿ ಎರಡು ಏಟು.

ಇದನ್ನೆಲ್ಲ ಓದಿದ ಮೇಲೆ ಹಾಲ್‌ನಲ್ಲಿ 180 ಲೀಟರ್ ನೀರು ಇಟ್ಟುಕೊಂಡು ನಿದ್ದೆ ಬರುತ್ತದಾ? ಆದರೆ ಇವರ ಮನೆಯದು ಬೆರಳುದ್ದವೂ ಇರಲಿಲ್ಲ, ಐದು ಸೆಂಟಿಮೀಟರ್ ಚಿಲ್ಲರೆ. ಆ ಅಳತೆಯದು ಎಂಟು ಮಿಲಿಮೀಟರ್ ಗಾಜಿಗೆ ಏನೂ ಮಾಡುವುದಿಲ್ಲ. ದೊಡ್ಡ ನವಿಲು ಜಾತಿ ಇಟ್ಟವರೂ ಗಾಜಿನಲ್ಲೇ ಇಟ್ಟಿದ್ದಾರೆ. ಜಾಗ್ರತೆ ಬೇಕೆಂದರೆ ಅಕ್ರಿಲಿಕ್ ಟ್ಯಾಂಕ್, ಇಲ್ಲವಾದರೆ ಮರಳಿನ ಕೆಳಗೆ ಒಂದು ಅಕ್ರಿಲಿಕ್ ಹಾಳೆ. ಬಿಲ ತೋಡುವಾಗ ತಳದ ಗಾಜಿಗೆ ಗುದ್ದಬಾರದು, ಅದಕ್ಕೆ.

ಏಪ್ರಿಲ್ ಕೊನೆಗೆ ಒಂದು ಕ್ಲೀನರ್ ಸಿಗಡಿ ಸತ್ತಿತು, ಮೇ ತಿಂಗಳಲ್ಲಿ ಇನ್ನೊಂದು. ಉಳಿದ ಬಸವನಹುಳುಗಳೂ ಮಗುಚಿ ಬೀಳತೊಡಗಿದವು. ಮನೆಯವರಿಗೆ ಅನುಮಾನವೇ ಬರಲಿಲ್ಲ. ಕೊಲೆಗಾರ ಕಲ್ಲಿನೊಳಗಿದ್ದಾನೆ, ವಿಡಿಯೋ ಇದೆ, ಇನ್ನೇನು ಬೇಕು? ಜೂನಿನಲ್ಲಿ ಹಿಡಿಯಲು ಇಳಿದರು.

ಹಿಡಿದ ರೀತಿ ಚೆನ್ನಾಗಿದೆ, ವಿವರವಾಗಿ ಹೇಳುತ್ತೇನೆ. ಬಾಟಲಿ ಕತ್ತರಿಸಿ ಮಾಡಿದ ಬೋನಿಗೆ ಅದು ಬೀಳಲಿಲ್ಲ. ಒಳಗಿದ್ದ ಸಿಗಡಿ ತುಂಡನ್ನು ಕ್ಲೌನ್ ಮೀನೇ ತಿಂದು ಹೋಯಿತು. ಕೊನೆಗೆ ಮಗಳ ಮಾತೇ ಉಪಯೋಗಕ್ಕೆ ಬಂತು. ರಾತ್ರಿ ಬಾಗಿಲು ಮುಚ್ಚಿದೆ ಅಂದರೆ ಅದು ಖಂಡಿತ ಒಳಗಿದೆ ಅಂತ ಅರ್ಥ, ಅಲ್ವಾ? ಹಗಲು ಕಲ್ಲು ಎತ್ತಿದರೆ ಅದು ಎಲ್ಲಿ ಓಡಾಡಿಕೊಂಡಿದೆಯೋ ಯಾರಿಗೆ ಗೊತ್ತು. ಹಾಗಾಗಿ ತೂತು ಮುಚ್ಚಿದ ಮೇಲೆ ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಆ ಒಂದು ಕಲ್ಲನ್ನು ಮಾತ್ರ ಎತ್ತಿದರು. ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನ ಮೇಲೆ ತೂತು ಕೆಳಮುಖವಾಗಿರುವ ಹಾಗೆ ಹಿಡಿದರು. ಪಾನ್ ಅಂಗಡಿಯಿಂದ ತಂದ ಸಾದಾ ಸೋಡಾವನ್ನು ಸೂಜಿ ಇಲ್ಲದ ಸಿರಿಂಜಿನಿಂದ ತೂತಿನೊಳಗೆ ಬಿಟ್ಟರು. ಸೋಡಾದಲ್ಲಿರುವ ಇಂಗಾಲದ ಡೈಆಕ್ಸೈಡ್ ಅದಕ್ಕೆ ತಡೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಚೂರು ಕಲ್ಲುಗಳನ್ನು ತಳ್ಳಿಕೊಂಡು ಬಕೆಟ್ಟಿಗೆ ಬಿತ್ತು. ಬಿದ್ದ ಕೂಡಲೇ ಬೇರೆ ಶುದ್ಧ ಉಪ್ಪುನೀರಿಗೆ ದಾಟಿಸಿದರು. ಇಲ್ಲಿ ತಡಮಾಡಿದ್ದರೆ ಸೋಡಾವೇ ಅದನ್ನು ಕೊಲ್ಲುತ್ತಿತ್ತು.

ಹಿಡಿದಾಯಿತು, ಮುಂದೇನು? ಗೊರಾಯಿ ಸಮುದ್ರಕ್ಕೆ ಬಿಟ್ಟು ಬರೋಣ ಅಂತ ಒಂದು ಮಾತು ಬಂತು. ಬಿಡದಿದ್ದದ್ದು ಒಳ್ಳೆಯದಾಯಿತು. ಮನೆಯ ಟ್ಯಾಂಕಿನಲ್ಲಿದ್ದ ಜೀವಿಯನ್ನು, ಅದು ಎಲ್ಲಿಂದ ಬಂತು ಅಂತಲೂ ಗೊತ್ತಿಲ್ಲದಾಗ, ಸಮುದ್ರಕ್ಕೆ ಬಿಡಲೇಬಾರದು. ಮಳೆಗಾಲದಲ್ಲಿ ಮುಂಬಯಿ ದಡದ ನೀರಿನಲ್ಲಿ ಉಪ್ಪು ಕಡಿಮೆಯಾಗಿ ಕೆಸರು ತುಂಬಿರುತ್ತದೆ, ಅದು ಬದುಕುವುದೂ ಕಷ್ಟ. ಮಗಳು ಅತ್ತು ಕರೆದು ಅದನ್ನು ಮನೆಯಲ್ಲೇ ಉಳಿಸಿಕೊಂಡಳು.

ಡಬ್ಬಿ

ಶತ್ರು ಹೋದ ಅಂತ ದೊಡ್ಡ ಟ್ಯಾಂಕಿಗೆ ಹೊಸ ಕ್ಲೀನರ್ ಸಿಗಡಿ ತಂದು ಬಿಟ್ಟರು. ಒಂದು ವಾರ ಆಗುವಷ್ಟರಲ್ಲಿ ಸತ್ತಿತು. ನನಗೆ ಫೋನ್ ಬಂದಿದ್ದು ಆಗ. "ಇನ್ನೊಂದು ಮ್ಯಾಂಟಿಸ್ ಇರಬೇಕು ಸಾರ್. ಎಲ್ಲ ಕಲ್ಲು ತೆಗೆದು ಸೋಡಾ ಹಾಕ್ಲಾ?" ಅಂದರು ಯಜಮಾನರು. ಏನೂ ಮುಟ್ಟಬೇಡಿ, ಬರ್ತೀನಿ ಅಂದೆ.

ಹೋದ ಕೂಡಲೇ ಹೆಂಡತಿ ಡಬ್ಬಿ ತಂದು ಮುಂದಿಟ್ಟರು. ಪೇಪರ್ ಹಾಸಿ ಚಿಪ್ಪುಗಳನ್ನೆಲ್ಲ ಹರಡಿದೆವು. ನೋಡಿದರೆ ಎರಡು ರಾಶಿ ತಾನಾಗೇ ಆಯಿತು. ಒಂದರಲ್ಲಿ ಒಡೆದವು. ಬಾಯಿಯ ಅಂಚು ಮುಕ್ಕಾದವು, ಹೊಟ್ಟೆಯಲ್ಲಿ ತೂತು ಬಿದ್ದವು, ಬರೀ ಚೂರಾಗಿ ಉಳಿದವು. ಇನ್ನೊಂದರಲ್ಲಿ ಒಂದು ಗೆರೆಯೂ ಇಲ್ಲದ ಪೂರ್ತಿ ಚಿಪ್ಪುಗಳು.

"ಈ ಪೂರ್ತಿ ಇರೋವು ಯಾವಾಗಿನವು ಅಕ್ಕಾ?"

ಅವರು ಸ್ವಲ್ಪ ಯೋಚಿಸಿದರು. "ಅವೆಲ್ಲ ಈಚಿನವು. ಬೇಸಿಗೆಯವು."

ಫೋನಿನಲ್ಲಿ ಸತ್ತ ಸಿಗಡಿಗಳ ಫೋಟೋ ಇದ್ದವು. ಮೂರೂ ಇಡಿಯಾಗಿ ಸತ್ತಿದ್ದವು. ಮೀಸೆ, ಕಾಲು, ಬಾಲ ಎಲ್ಲ ಸರಿಯಾಗಿದೆ. ಒಂದು ಅರ್ಧ ಪೊರೆ ಕಳಚಿದ ಸ್ಥಿತಿಯಲ್ಲೇ ಸತ್ತಿದೆ. ಮ್ಯಾಂಟಿಸ್ ಸಿಗಡಿ ಕೊಂದ ಪ್ರಾಣಿ ಹೀಗೆ ಇಡಿಯಾಗಿ ಸಿಗುವುದಿಲ್ಲ. ಅದು ತಿನ್ನಲು ಕೊಲ್ಲುತ್ತದೆ. ಒಡೆದು, ಗೂಡಿಗೆ ಎಳೆದುಕೊಂಡು ಹೋಗಿ, ತಿಂದು, ಸಿಪ್ಪೆ ಹೊರಗೆ ಎಸೆಯುತ್ತದೆ. ಇಲ್ಲಿ ಮೇ ತಿಂಗಳಿಂದ ಆಚೆ ಒಡೆದ ಚಿಪ್ಪು ಹೆಚ್ಚಿಲ್ಲ, ಸಾವು ಮಾತ್ರ ಹೆಚ್ಚಾಗಿದೆ.

ಮೀನು ಬಿಟ್ಟು ಬೆನ್ನೆಲುಬಿಲ್ಲದವನ್ನು ಮಾತ್ರ ಹುಡುಕಿ ಹೊಡೆಯುವ ಇನ್ನೊಂದು ವಸ್ತು ಇದೆಯಲ್ಲ. ತಾಮ್ರ. ಉಪ್ಪುನೀರಿನ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಬೇರೆ ಟ್ಯಾಂಕಿಗೆ ಹಾಕಿ ತಾಮ್ರದ ಔಷಧಿಯನ್ನೇ ಕೊಡುತ್ತಾರೆ. ಮೀನು ತಡೆದುಕೊಳ್ಳುತ್ತದೆ, ರೋಗದ ಕ್ರಿಮಿ ಸಾಯುತ್ತದೆ. ಅದೇ ನೀರಿನಲ್ಲಿ ಸಿಗಡಿ, ಏಡಿ, ಬಸವನಹುಳು ಇದ್ದರೆ ಅವೂ ಸಾಯುತ್ತವೆ. ವಿಚಿತ್ರ ಏನೆಂದರೆ ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದೇ ತಾಮ್ರ. ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸ ಅವುಗಳಲ್ಲಿ ಅದರದು. ಒಳಗೆ ಲೆಕ್ಕವಾಗಿ ಇದ್ದರೆ ಸರಿ. ನೀರಿನಲ್ಲಿ ಕರಗಿ ಕಿವಿರಿಗೆ ಬಂದರೆ ಉಪ್ಪಿನ ಸಮತೋಲವೇ ತಪ್ಪುತ್ತದೆ.

ಅಂದರೆ ಎರಡು ಕಾರಣಗಳು ಒಂದೇ ಬಲಿಗಳನ್ನು ಆರಿಸಿಕೊಂಡಿದ್ದವು. ಒಂದರ ಹಿಂದೆ ಇನ್ನೊಂದು ಅಡಗಿ ಕೂತಿತ್ತು. ಮ್ಯಾಂಟಿಸ್ ಇಲ್ಲದ ಮನೆಯಾಗಿದ್ದರೆ ಮೊದಲ ಸಿಗಡಿ ಸತ್ತಾಗಲೇ ನೀರಿನ ಮೇಲೆ ಅನುಮಾನ ಬರುತ್ತಿತ್ತು ಅಂತ ನನಗೆ ಅನಿಸುತ್ತದೆ.

ತಾಮ್ರದ ಟೆಸ್ಟ್ ಕಿಟ್ ಹಾಕಿದೆವು. ಬಣ್ಣ ಬಂತು. ತಿಳಿಯಾಗಿ ಬಂದರೂ ಬಂತು ಅಂದರೆ ಬಂತು. ಮನೆಬಳಕೆಯ ಕಿಟ್ ಬಹಳ ಸೂಕ್ಷ್ಮವಾದದ್ದಲ್ಲ. ಅದರಲ್ಲೇ ಕಾಣಿಸಿಕೊಳ್ಳುವಷ್ಟು ತಾಮ್ರ ಸಿಗಡಿ ಟ್ಯಾಂಕಿನಲ್ಲಿ ಇರಬಾರದು.

ನೀರು ಎಲ್ಲಿಂದ?

ಮೊದಲ ಅನುಮಾನ ಟ್ಯಾಂಕ್ ಮಾರಿದ ಹಳೆಯ ಯಜಮಾನರ ಮೇಲೆ. ಅವರು ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿದ್ದರೆ ಕಲ್ಲು, ಮರಳು ಅದನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತಿರಬಹುದು. ಸೆಕೆಂಡ್ ಹ್ಯಾಂಡ್ ಟ್ಯಾಂಕಿನಲ್ಲಿ ಇದು ಆಗುತ್ತದೆ. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದೇ ಕಲ್ಲಿನ ನಡುವೆ ಎರಡು ಕ್ಲೀನರ್ ಸಿಗಡಿ ಚೆನ್ನಾಗಿದ್ದವು, ಪೊರೆ ಕಳಚಿದ್ದವು. ಹಳೆಯ ವಿಷವಾಗಿದ್ದರೆ ಮೊದಲ ತಿಂಗಳಲ್ಲೇ ಗೊತ್ತಾಗಬೇಕಿತ್ತು. ಏನೋ ಬೇಸಿಗೆಯಲ್ಲಿ ಹೊಸದಾಗಿ ಶುರುವಾಗಿದೆ.

ಉಪ್ಪು ಬದಲಾಗಿಲ್ಲ, ತಿಂಡಿ ಬದಲಾಗಿಲ್ಲ. "ನೀರು ಫಿಲ್ಟರಿನದೇ ಸಾರ್, ನೋಡಿ" ಅಂತ ಯಜಮಾನರು ಟಿಡಿಎಸ್ ಮೀಟರ್ ಅದ್ದಿ ತೋರಿಸಿದರು. ನಲವತ್ತರ ಆಸುಪಾಸು. ಶುದ್ಧ ಅಂತ ಅವರ ನಂಬಿಕೆ. ಟಿಡಿಎಸ್ ಮೀಟರ್ ಹೇಳುವುದು ಎಷ್ಟು ಕರಗಿದೆ ಅಂತ, ಏನು ಕರಗಿದೆ ಅಂತ ಅಲ್ಲ. ಅಡುಗೆಮನೆಗೆ ಹೋಗಿ ನೋಡಿದರೆ ಹೊಸ ವಾಟರ್ ಪ್ಯೂರಿಫೈಯರ್. ಫೆಬ್ರವರಿಯಲ್ಲಿ ಹಾಕಿಸಿದ್ದು. ಅದರಲ್ಲಿ ಶುದ್ಧ ಮಾಡಿದ ಮೇಲೆ ನೀರಿಗೆ ತಾಮ್ರ ಸೇರಿಸುವ ಒಂದು ಕಾರ್ಟ್ರಿಜ್ ಇದೆ. ಮಾವನಿಗೆ ತಾಮ್ರದ ಚೊಂಬಿನ ನೀರು ಅಭ್ಯಾಸ, ಅದಕ್ಕೇ ಅಂತಲೇ ಆರಿಸಿ ತಂದದ್ದು. ಮಷೀನಿನ ತಪ್ಪೇನಿಲ್ಲ. ತಾಮ್ರ ಹಾಕ್ತೀನಿ ಅಂತ ಹೇಳಿಯೇ ಹಾಕುತ್ತದೆ. ಮನುಷ್ಯರು ಕುಡಿಯಲು ಮಾಡಿದ ನೀರು ಅದು.

ಈಗ ಬೇಸಿಗೆಯನ್ನು ಸೇರಿಸಿ. ಮಾರ್ಚಿನಿಂದ ಹಾಲ್ ಕಾಯುತ್ತದೆ, ಪಂಪುಗಳ ಬಿಸಿಯೂ ಸೇರಿ ನೀರು 30 ಡಿಗ್ರಿ ದಾಟುತ್ತದೆ. ಚಿಲ್ಲರ್ ದುಬಾರಿ, ಹಾಗಾಗಿ ಟ್ಯಾಂಕಿನ ಮೇಲೆ ಫ್ಯಾನ್ ಕಟ್ಟಿದರು. ಫ್ಯಾನ್ ತಂಪು ಮಾಡುವುದೇ ನೀರನ್ನು ಆವಿ ಮಾಡಿ. ಪುಣೆಯ ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಂಬಯಿಯ ಸೆಕೆಗೆ ಅಷ್ಟಿಲ್ಲ, ಆದರೂ ಎರಡು ಡಿಗ್ರಿ ಇಳಿಯುತ್ತದೆ. ಈ ಟ್ಯಾಂಕಿನಲ್ಲಿ ದಿನಕ್ಕೆ ಮೂರು ಲೀಟರ್ ಆರುತ್ತಿತ್ತು. ಆರಿ ಹೋಗುವುದು ಬರೀ ನೀರು. ಉಪ್ಪು ಹೋಗುವುದಿಲ್ಲ, ತಾಮ್ರವೂ ಹೋಗುವುದಿಲ್ಲ. ಆರಿದಷ್ಟು ನೀರನ್ನು ದಿನಾ ಪ್ಯೂರಿಫೈಯರಿನಿಂದ ತುಂಬಿಸುತ್ತಿದ್ದರು.

ದಿನಕ್ಕೆ ಮೂರು ಲೀಟರ್ ಅಂದರೆ ಎರಡು ತಿಂಗಳಿಗೆ 180 ಲೀಟರ್. ಒಂದು ಇಡೀ ಟ್ಯಾಂಕಿನ ನೀರಿನಲ್ಲಿರುವಷ್ಟು ತಾಮ್ರ ಮೇಲಿಂದ ಬಂದು ಸೇರಿದಂತಾಯಿತು. ಕುಡಿಯುವ ನೀರಿನ ನಮ್ಮ ಮಾನದಂಡ ತಾಮ್ರವನ್ನು ಲೀಟರಿಗೆ 0.05 ಮಿಲಿಗ್ರಾಂವರೆಗೆ ಇರಬಹುದು ಅನ್ನುತ್ತದೆ. ಬೇರೆ ನೀರಿಲ್ಲದ ಕಡೆ 1.5ರವರೆಗೂ ನಡೆಯುತ್ತದೆ. ಕಡಿಮೆಯದನ್ನೇ ಹಿಡಿಯೋಣ. ಎರಡು ತಿಂಗಳಲ್ಲಿ ಟ್ಯಾಂಕಿನ ಲೆಕ್ಕಕ್ಕೂ ಅಷ್ಟೇ ಬಂತು. ಆಳ ಸಮುದ್ರದ ನೀರಿನಲ್ಲಿ ಇರುವುದು ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆ. ಐವತ್ತು ಪಟ್ಟಿಗೂ ಹೆಚ್ಚಾಯಿತು. ವಾರವಾರ ನೀರು ಬದಲಿಸುತ್ತಿದ್ದರು ನಿಜ, ಆದರೆ ಹೊಸ ಉಪ್ಪುನೀರು ಕಲಸುತ್ತಿದ್ದದ್ದೂ ಅದೇ ಪ್ಯೂರಿಫೈಯರಿನ ನೀರಿನಲ್ಲಿ.

ಕ್ಲೌನ್ ಮೀನುಗಳಿಗೆ ಏನೂ ಆಗಿರಲಿಲ್ಲ. ಮ್ಯಾಂಟಿಸ್ ಹೇಗೆ ಬದುಕಿತು ಅಂತ ಹೆಂಡತಿ ಕೇಳಿದರು. ಅದು ಗಟ್ಟಿ ಜೀವ, ಕ್ಲೀನರ್ ಸಿಗಡಿಯಷ್ಟು ನಾಜೂಕಲ್ಲ. ಹಾಗಂತ ತಾಮ್ರ ಅದಕ್ಕೂ ವಿಷವೇ. ಜೂನಿನಲ್ಲಿ ಹೊರಗೆ ತೆಗೆಯದಿದ್ದರೆ ಮುಂದಿನ ಪೊರೆಯಲ್ಲಿ ಅದೂ ಹೋಗುತ್ತಿತ್ತೇನೋ.

ಪರಿಹಾರದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಟ್ಯಾಂಕಿಗಂತಲೇ ಬೇರೆ ಆರ್‌ಒ ಫಿಲ್ಟರ್, ಅದರ ನಂತರ ಉಳಿದ ಲವಣವನ್ನೂ ತೆಗೆಯುವ ಡಿಐ ರೆಸಿನ್. ಮೀಟರ್ ಸೊನ್ನೆ ತೋರಿಸುವ ನೀರು. ಅದರಿಂದ ಕಲಸಿದ ಉಪ್ಪುನೀರಿನಿಂದ ವಾರಕ್ಕೆ ಕಾಲುಭಾಗ ಬದಲಾವಣೆ. ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಮತ್ತು ತಾಮ್ರ ಹೀರುವ ರೆಸಿನ್. ಕಲ್ಲು ಹೀರಿಕೊಂಡದ್ದನ್ನು ಹಿಂದಕ್ಕೆ ಬಿಡುತ್ತದೆ, ಅದಕ್ಕೇ ಒಂದು ಸಲ ಸೊನ್ನೆ ಬಂದಿತೆಂದು ನಿಲ್ಲಿಸುವ ಹಾಗಿಲ್ಲ. ಅಡುಗೆಮನೆಯ ಪ್ಯೂರಿಫೈಯರ್ ಹಾಗೇ ಇದೆ, ಅಜ್ಜ ಅದರದೇ ನೀರು ಕುಡಿಯುತ್ತಾರೆ.

ಮ್ಯಾಂಟಿಸ್ ಮನೆ

ಮಗಳು ಉಳಿಸಿಕೊಂಡ ಮ್ಯಾಂಟಿಸ್‌ಗೆ ಒಂದೂವರೆ ಅಡಿಯ ಟ್ಯಾಂಕ್ ಮಾಡಿದೆವು. ಸುಮಾರು 40 ಲೀಟರ್. ಎಲ್ಲ ಹೊಸ ನೀರು, ಒಣ ಕಲ್ಲು. ಈ ಅಳತೆಯ ಪ್ರಾಣಿಗೆ ಅಷ್ಟು ಸಾಕು. ಇದು ಒಂಟಿಯಾಗೇ ಇರಬೇಕಾದ ಜೀವಿ, ಜೊತೆಗೆ ಯಾರನ್ನು ಹಾಕಿದರೂ ಊಟಕ್ಕೆ ಹಾಕಿದ ಹಾಗೆ. ಕಲ್ಲಿನ ಕೆಳಗೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪಿನ ತುಂಡು ಇಟ್ಟೆವು. ಅದರ ಮೈಗಿಂತ ಸ್ವಲ್ಪವೇ ಅಗಲ, ಒಳಗೆ ತಿರುಗಿಕೊಳ್ಳಲು ಬಂದರೆ ಸರಿ. ಬಾಗಿಲು ಕಟ್ಟಲು ಪುಡಿಗಲ್ಲು ಒಂದು ಹಿಡಿ. ದೀಪ ಮಂದವಾಗಿದ್ದರೆ ಒಳ್ಳೆಯದು. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೀರು 26ರಿಂದ 28 ಡಿಗ್ರಿ.

ಊಟ ಮುಲುಂಡಿನ ಮೀನು ಮಾರ್ಕೆಟ್ಟಿನಿಂದ. ತಿಸರ್ಯಾ ಅಂದರೆ ನಮ್ಮ ಕರಾವಳಿಯ ಮರ್ವಾಯಿ ಚಿಪ್ಪು. ವಾರಕ್ಕೆ ಎರಡು ಮೂರು ಸಲ ಒಂದೊಂದು, ಜೀವಂತವಾಗಿಯೇ. ಮಧ್ಯೆ ಒಂದು ಚಿಕ್ಕ ಏಡಿ. ಮೀನಮ್ಮ ಐದು ತಿಸರ್ಯಾ ಮಾರುವುದಿಲ್ಲ, ವಾಟಾ, ಅಂದರೆ ಗುಡ್ಡೆ ಲೆಕ್ಕದಲ್ಲೇ ಕೊಡುವುದು. ಉಳಿದದ್ದು ಮನೆಯಲ್ಲಿ ಸುಕ್ಕ ಆಗುತ್ತದೆ. ಈ ಏರ್ಪಾಡಿನಿಂದ ಅತಿ ಖುಷಿಯಾದವರು ಅಜ್ಜ. ಸುಮ್ನೆ ಮೆತ್ತಗಿನ ಸಿಗಡಿ ತುಂಡನ್ನೇ ದಿನಾ ಕೊಟ್ಟರೆ ಅದು ತಿನ್ನುತ್ತದೆ, ಆದರೆ ಗುದ್ದಲು ಏನೂ ಇಲ್ಲದೆ ಗೂಡಿನಲ್ಲೇ ಬಿದ್ದಿರುತ್ತದೆ. ಗಟ್ಟಿ ಚಿಪ್ಪು ಕೊಟ್ಟ ದಿನ ಅದರ ಚಟುವಟಿಕೆಯೇ ಬೇರೆ. ತಿನ್ನಿಸುವುದು ಉದ್ದ ಚಿಮಟದಿಂದ, ಬೆರಳಿನಿಂದ ಅಲ್ಲ.

ಮಗಳು ಟ್ಯಾಂಕಿನ ಮುಂದೆ ಹೋದರೆ ಗೂಡಿನ ಬಾಯಿಗೆ ಬಂದು ನೋಡುತ್ತದೆ. ಅದಕ್ಕೆ ಬಣ್ಣ ಹಿಡಿಯುವ ಕೋಶಗಳೇ 12 ಬಗೆಯವು, ನಮಗೆ ಮೂರು. ಹಾಗಾದರೆ ನಮಗೆ ಕಾಣದ ಎಷ್ಟೋ ಬಣ್ಣ ಅದಕ್ಕೆ ಬೇರೆ ಬೇರೆಯಾಗಿ ಕಾಣುತ್ತವೆ ಅಂತ ಎಲ್ಲರೂ ಹೇಳುತ್ತಾರೆ. 2014ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಹತ್ತಿರ ಹತ್ತಿರದ ಬಣ್ಣಗಳನ್ನು ಬೇರೆ ಮಾಡುವುದರಲ್ಲಿ ಅದು ನಮಗಿಂತ ಹಿಂದೆ ಬಿತ್ತು. ಹೋಲಿಸಿ ಯೋಚಿಸುವುದನ್ನು ಬಿಟ್ಟು, ಕಂಡ ಕೂಡಲೇ ಇದು ಇಂಥದು ಅಂತ ಗುರುತಿಸುವ ಏರ್ಪಾಡು ಅದು ಅನ್ನುವುದು ಸಂಶೋಧಕರ ಊಹೆ. ಮಗಳಿಗೆ ಇದು ಹೇಳಿದಾಗ ಸ್ವಲ್ಪ ನಿರಾಸೆಯಾಯಿತು.

ಗಣೇಶನ ಹಬ್ಬದ ಹೊತ್ತಿಗೆ ಹಗಲೂ ಬಾಗಿಲು ತೆರೆಯುವುದು ನಿಂತಿತು. ಮನೆ ತುಂಬ ನೆಂಟರು, ಯಾರಿಗೂ ಗಮನವಿಲ್ಲ. ವಾರ ಕಳೆದು ನೋಡಿದರೆ ಗೂಡಿನ ಹೊರಗೆ ಮ್ಯಾಂಟಿಸ್ ಸತ್ತು ಬಿದ್ದಿದೆ! ಕಣ್ಣು, ಕೈ, ಬಾಲ ಎಲ್ಲ ಇದೆ, ಅಲುಗಾಡುವುದಿಲ್ಲ. ಯಜಮಾನರು ಫೋಟೋ ಕಳಿಸಿದರು. ದೊಡ್ಡದು ಮಾಡಿ ನೋಡಿದರೆ ಬೆನ್ನು ಬಿರಿದಿದೆ, ಒಳಗೆ ಟೊಳ್ಳು. ಕಳಚಿ ಹಾಕಿದ ಪೊರೆ. ಗೂಡು ಮುಟ್ಟಬೇಡಿ, ಪೈಪ್ ಎತ್ತಬೇಡಿ ಅಂತ ಹೇಳಿದೆ. ಪೊರೆ ಕಳಚಿದ ಹೊಸದರಲ್ಲಿ ಗುದ್ದುವ ಕೈಯೂ ಮೆತ್ತಗಿರುತ್ತದೆ, ಹೊಡೆದರೆ ಅದಕ್ಕೇ ಪೆಟ್ಟು. ಆದರೂ ಯಾರಾದರೂ ಬಂದರೆ ಕಾಲು ಅಗಲಿಸಿ ಹೆದರಿಸುತ್ತದೆ. ಬರೀ ನಾಟಕ. ಇದರ ಹತ್ತಿರದ ಸಂಬಂಧಿಯೊಂದರಲ್ಲಿ ಈ ಬೂಟಾಟಿಕೆಯನ್ನು ಸ್ಟೆಗರ್ ಮತ್ತು ಕಾಲ್ಡ್‌ವೆಲ್ 1983ರಲ್ಲೇ ದಾಖಲಿಸಿದ್ದಾರೆ. ಇದು ನಾಟಕಕ್ಕೂ ಹೊರಗೆ ಬರಲಿಲ್ಲ. ಕೆಲವು ದಿನ ಬಿಟ್ಟು ತಾನಾಗೇ ಬಾಗಿಲು ತೆಗೆಯಿತು, ತಿಸರ್ಯಾ ಒಡೆಯಿತು.

ಯಜಮಾನರಿಗೆ ಈಗ ನವಿಲು ಜಾತಿಯ ಆಸೆ ಹತ್ತಿದೆ. ಅಂಗಡಿಯವನು ತರಿಸಿಕೊಡ್ತೀನಿ ಅಂದಿದ್ದಾನಂತೆ. ನಾನು ಬೇಡ ಅಂತ ಹೇಳಲಿಲ್ಲ, ಆದರೆ ಹುರಿದುಂಬಿಸಲೂ ಇಲ್ಲ. ಅದಕ್ಕೆ ಕನಿಷ್ಠ ನೂರು ನೂರೈವತ್ತು ಲೀಟರಿನ ಟ್ಯಾಂಕ್ ಅದೊಂದಕ್ಕೇ ಬೇಕು. ಜಾಸ್ತಿ ಬೆಳಕಿಗೆ ಇಟ್ಟರೆ ಚಿಪ್ಪು ಕೊಳೆಯುವ ರೋಗ ಬರುವುದು ಆ ಜಾತಿಯಲ್ಲಿ ಸಾಮಾನ್ಯ. ಬಣ್ಣ ನೋಡಲೆಂದೇ ತಂದವರು ದೀಪ ಹಾಕದೆ ಇರುತ್ತಾರಾ? ಹೆಂಡತಿಯ ಉತ್ತರ ಇನ್ನೂ ಸರಳ: "ಮೊದಲು ಮುಂದಿನ ಮೇ ತಿಂಗಳು ದಾಟಿಸಿ ತೋರಿಸಿ, ಆಮೇಲೆ ನೋಡುವ."

ದೊಡ್ಡ ಟ್ಯಾಂಕಿಗೆ ದಸರಾ ಆದ ಮೇಲೆ ಒಂದೇ ಒಂದು ಕ್ಲೀನರ್ ಸಿಗಡಿ ಹಾಕಿದ್ದಾರೆ. ಎರಡು ಸಲ ಪೊರೆ ಬಿಟ್ಟಿದೆ, ಮೀಸೆ ಪೂರ್ತಿ ಇದೆ. ಫಿಲ್ಟರಿನ ರೆಸಿನ್ ತೆಗೆದು ಒಂದು ತಿಂಗಳು ನೋಡಿ, ಕಿಟ್‌ನಲ್ಲಿ ಬಣ್ಣ ಬರದಿದ್ದರೆ ಬಸವನಹುಳು ತರೋಣ ಅಂತ ಮಾತಾಗಿದೆ.